ನಗೆ ಸಂಶೋಧನೆ, ಜಪಾನಿ ಪಾಠ: ಎರಡನ್ನೂ ಸೇರಿಸಿ ಕಾನ್ಫರೆನ್ಸಲ್ಲಿ ಪೇಪರ್ ಮಂಡಿಸೋದು ಹೇಗೆ, ಶುರುವಿಂದ ಕೊನೆವರೆಗೆ

ಜಪಾನಿ ಕಲಿಸೋರು, ಅದರಲ್ಲೇ ಎಂಎ ಪಿಎಚ್‌ಡಿ ಮಾಡ್ತಿರೋರು, ಎನ್2 ಎನ್1 (ಜೆಎಲ್‌ಪಿಟಿ ಅನ್ನೋ ಜಪಾನಿ ಭಾಷಾ ಪರೀಕ್ಷೆಯ ಮೇಲಿನ ಎರಡು ಹಂತ, ಎನ್5 ಎಲ್ಲಕ್ಕಿಂತ ಕೆಳಗಿನದು) ಮುಗಿಸಿ ಈಗ ಸಂಜೆ ಬ್ಯಾಚ್ ತಗೊಳ್ತಿರೋರು, ಇಂಥವ್ರಿಗೆ ಅಂತ ಬರೀತಿದೀನಿ. ಕ್ಲಾಸಲ್ಲಿ ಜೋಕು, ರಾಕುಗೊ ಕಥೆ (ಒಬ್ಬರೇ ಕೂತು ಅಭಿನಯಿಸಿ ಹೇಳೋ ತಮಾಷೆ ಕಥೆ), ಸೆನ್‌ರ್ಯೂ ಪದ್ಯ (ಚುಟುಕು ನಗೆ ಪದ್ಯ) ಏನಾದ್ರೂ ಬಳಸ್ತಾ ಇದ್ದು, ಇದನ್ನೇ ಒಂದು ಪೇಪರ್ ಮಾಡಿ ಎಲ್ಲಾದ್ರೂ ಹೋಗಿ ಹೇಳ್ಬೋದಾ ಅಂತ ಅನ್ಸಿದ್ರೆ, ಧಾರಾಳವಾಗಿ ಹೇಳ್ಬೋದು. ಆದ್ರೆ ನಗೆ ಬಗ್ಗೆ ಸಂಶೋಧನೆ ಮಾಡೋರ ಸಭೆ ಬೇರೆ, ಜಪಾನಿ ಮೇಷ್ಟ್ರುಗಳ ಸಭೆ ಬೇರೆ. ಮೊದಲ್ನೇ ಕಡೆ "ಇದಕ್ಕೆ ಜನ ಯಾಕೆ ನಗ್ತಾರೆ" ಅಂತ ಕೇಳ್ತಾರೆ, ಎರಡ್ನೇ ಕಡೆ "ಅದೆಲ್ಲಾ ಸರಿ, ಇದ್ರಿಂದ ಮಕ್ಳಿಗೆ ಏನು ಬಂತು" ಅಂತ ಕೇಳ್ತಾರೆ. ಒಂದೇ ಕ್ಲಾಸಿನ ಒಂದೇ ರೆಕಾರ್ಡಿಂಗ್ ಇಟ್ಕೊಂಡು ಎರಡೂ ಕಡೆ ಹೋಗ್ಬೋದು, ಆದ್ರೆ ಒಂದೇ ಪೇಪರ್ ಇಟ್ಕೊಂಡು ಹೋಗಕ್ಕಾಗಲ್ಲ. ಕೆಳಗಿರೋ ಸ್ಟೆಪ್‌ಗಳೆಲ್ಲಾ ಈ ಒಂದು ಮಾತಿನ ಸುತ್ತಾನೇ ಸುತ್ತತ್ತೆ.

ಸ್ಟೆಪ್ 1: ಎಲ್ಲಿಗೆ ಹೋಗೋದು ಅಂತ ಮೊದ್ಲು ತೀರ್ಮಾನ ಮಾಡಿ

ನಗೆ ಸಂಶೋಧನೆ ಅಂದ್ರೆ ಹಾಸ್ಯೋತ್ಸವ ಅಲ್ಲ. 1976ರಲ್ಲಿ ವೇಲ್ಸಿನ ಕಾರ್ಡಿಫಲ್ಲಿ ನಗೆ ಮತ್ತು ಹಾಸ್ಯದ ಬಗ್ಗೆ ಮೊದಲ್ನೇ ಅಂತಾರಾಷ್ಟ್ರೀಯ ಸಮ್ಮೇಳನ ಆಯ್ತು, ಅದನ್ನ ನಡೆಸಿದ್ದು ಮನಶ್ಶಾಸ್ತ್ರದೋರು. ಆಮೇಲೆ ಭಾಷಾಶಾಸ್ತ್ರ, ಸಾಹಿತ್ಯ, ಸಮಾಜಶಾಸ್ತ್ರ, ಈಗೀಗ ಕಂಪ್ಯೂಟರ್‌ನೋರೂ ಸೇರ್ಕೊಂಡಿದಾರೆ. ಈಗ ಮುಖ್ಯವಾದ ಸಂಸ್ಥೆ ಇಂಟರ್‌ನ್ಯಾಷನಲ್ ಸೊಸೈಟಿ ಫಾರ್ ಹ್ಯೂಮರ್ ಸ್ಟಡೀಸ್, 1988ರಲ್ಲಿ ಶುರುವಾದ 'ಹ್ಯೂಮರ್' ಅನ್ನೋ ಜರ್ನಲ್ ಇವ್ರದ್ದೇ. ಸಮ್ಮೇಳನ ಸಾಮಾನ್ಯವಾಗಿ ಜೂನ್ ಜುಲೈ ಹೊತ್ತಿಗೆ, ಒಂದೊಂದ್ಸಲ ಒಂದೊಂದು ದೇಶ: 2018ರಲ್ಲಿ ಎಸ್ಟೋನಿಯಾದ ಟಾಲಿನ್, 2022ರಲ್ಲಿ ಇಟಲಿಯ ಬೆರ್ಟಿನೊರೊ, 2023ರಲ್ಲಿ ಬಾಸ್ಟನ್. 2000ದಲ್ಲಿ ಒಸಾಕಾದ ಕನ್ಸಾಯ್ ಯೂನಿವರ್ಸಿಟೀಲೂ ಆಗಿತ್ತು. ಒಸಾಕಾ ಅಂದ್ರೆ ಮಾನ್‌ಜಾಯ್ ಜೋಡಿಗಳ, ಅಂದ್ರೆ ಇಬ್ರು ನಿಂತು ಮಾತಲ್ಲೇ ನಗಿಸೋರ ಊರು, ಅಲ್ಲಿ ನಗೆ ಅನ್ನೋದು ವ್ಯಾಪಾರಾನೂ ಹೌದು, ಹಾಗಾಗಿ ಜಪಾನಿನ ನಗೆ ಸಂಶೋಧನೆಗೂ ಅದೇ ಮನೆ. ಅಲ್ಲಿನ ನಿಹೊನ್ ವಾರಾಯ್ ಗಾಕ್ಕಾಯ್, ಅಂದ್ರೆ ಜಪಾನ್ ನಗೆ ಅಧ್ಯಯನ ಸಂಘ, 1994ರಲ್ಲಿ ಶುರುವಾಗಿದ್ದು. ಬರೀ ಪ್ರೊಫೆಸರ್‌ಗಳಲ್ಲ, ಡಾಕ್ಟರ್‌ಗಳು, ಕಥೆ ಹೇಳೋರು, ಸುಮ್ನೆ ಆಸಕ್ತಿ ಇರೋರೂ ಅದ್ರಲ್ಲಿ ಇದಾರೆ. ಸಣ್ಣ ಸಭೆ ಬೇಕು ಅಂದ್ರೆ ಆಸ್ಟ್ರೇಲಿಯಾ ನ್ಯೂಜಿಲೆಂಡ್ ಕಡೆಯೋರ ಹ್ಯೂಮರ್ ಸ್ಟಡೀಸ್ ನೆಟ್‌ವರ್ಕ್ ಇದೆ, ಹೊಸಬ್ರಿಗೆ ಅದು ಒಳ್ಳೇದು.

ಜಪಾನಿ ಕಲಿಸೋರ ಕಡೆ ಬಂದ್ರೆ ದೊಡ್ಡಣ್ಣ ಅಂದ್ರೆ ನಿಹೊಂಗೊ ಕ್ಯೋಯ್ಕು ಗಾಕ್ಕಾಯ್, ಅಂದ್ರೆ ಜಪಾನಿ ಭಾಷಾ ಬೋಧನೆಯ ಸಂಘ, 1962ರದ್ದು, ವರ್ಷಕ್ಕೆ ಎರಡು ಸಮ್ಮೇಳನ, ಒಂದು ವಸಂತದಲ್ಲಿ ಒಂದು ಶರತ್ಕಾಲದಲ್ಲಿ. ಇದಲ್ದೆ ಬೇರೆ ಬೇರೆ ದೇಶದ ಮೇಷ್ಟ್ರುಗಳ ಸಂಘಗಳೆಲ್ಲಾ ಸೇರಿ ಮಾಡೋ ಅಂತಾರಾಷ್ಟ್ರೀಯ ಸಮ್ಮೇಳನ ಇದೆ, 2014ರಲ್ಲಿ ಸಿಡ್ನಿ, 2016ರಲ್ಲಿ ಬಾಲಿ, 2018ರಲ್ಲಿ ವೆನಿಸ್, 2024ರಲ್ಲಿ ಅಮೆರಿಕದ ಮ್ಯಾಡಿಸನ್. ಯೂರೋಪಿನ ಜಪಾನಿ ಶಿಕ್ಷಕರ ಸಂಘದ್ದು ಬೇಸಿಗೇಲಿ ಸಿಂಪೋಸಿಯಂ ಆಗತ್ತೆ. ಅಮೆರಿಕದ ಸಂಘದೋರು ಏಷ್ಯನ್ ಸ್ಟಡೀಸ್ ಸಮ್ಮೇಳನ ಎಲ್ಲಿರತ್ತೋ ಅದೇ ಊರಲ್ಲಿ ವಸಂತದ ಸಭೆ ಇಟ್ಕೊಳ್ತಾರೆ.

ನಂಗೆ ಕೇಳಿದ್ರೆ ಮೊದಲ ಪೇಪರ್ ನಮ್ಮ ದೇಶದಲ್ಲೇ ಓದಿ. ದೆಹಲೀಲಿರೋ ಜಪಾನ್ ಫೌಂಡೇಶನ್ ಆಫೀಸಿನೋರು ಶಿಕ್ಷಕರಿಗೆ ಸೆಮಿನಾರು, ಟ್ರೇನಿಂಗು ಮಾಡ್ತಾರೆ, ಪುಣೆ ಶಿಕ್ಷಕರ ಸಂಘಾನೂ ಗಟ್ಟಿಯಾಗಿದೆ. ಬೆಂಗಳೂರಿಂದ ಪುಣೆಗೆ ರಾತ್ರಿ ಬಸ್ಸಲ್ಲಿ ಹೋಗಿ ಬರ್ಬೋದು, ಎದುರಿಗೆ ಕೂತಿರೋರು ನಿಮ್ಮಂಥ ಕ್ಲಾಸುಗಳನ್ನೇ ನಡೆಸೋರು, ಅವ್ರು ಕೇಳೋ ಪ್ರಶ್ನೆ ವೆನಿಸಲ್ಲಿ ಕೇಳೋ ಪ್ರಶ್ನೆಗಿಂತ ಕೆಲಸಕ್ಕೆ ಬರತ್ತೆ.

ಇನ್ನೊಂದು ಎಚ್ಚರಿಕೆ, "ಡಿಯರ್ ಎಮಿನೆಂಟ್ ಪ್ರೊಫೆಸರ್" ಅಂತ ಶುರುವಾಗೋ ಮೇಲ್‌ಗಳು ಬರತ್ತಲ್ಲ, ಲಿಂಗ್ವಿಸ್ಟಿಕ್ಸು, ನ್ಯಾನೋಟೆಕ್ನಾಲಜಿ, ದಂತವೈದ್ಯ ಎಲ್ಲಾ ಒಂದೇ ಹೋಟೆಲಲ್ಲಿ ಎರಡೇ ದಿನ ಅಂತ, ಅದನ್ನ ತೆರೀದೇ ಡಿಲೀಟ್ ಮಾಡಿ. ಅಸಲಿ ಸಭೆಗೆ ಹಿಂದಿನ ವರ್ಷಗಳ ಪೂರ್ತಿ ಕಾರ್ಯಕ್ರಮ ಪಟ್ಟಿ ಸಿಗತ್ತೆ, ಪೇಪರ್ ತಿರಸ್ಕಾರಾನೂ ಆಗತ್ತೆ. ಕಳಿಸಿದ ಮರುದಿನವೇ ಒಪ್ಪಿಗೆ ಬಂದು ಜೊತೇಗೇ ಬ್ಯಾಂಕ್ ಅಕೌಂಟ್ ನಂಬರ್ ಬಂದ್ರೆ ಅದು ಅಂಗಡಿ, ಸಭೆ ಅಲ್ಲ.

ಸ್ಟೆಪ್ 2: ವಿಷಯಾನ ಕತ್ತರಿಸಿ, ಇನ್ನೂ ಕತ್ತರಿಸಿ

"ಜಪಾನಿ ತರಗತಿಯಲ್ಲಿ ಹಾಸ್ಯದ ಪಾತ್ರ" ಅನ್ನೋದು ವಿಷಯ ಅಲ್ಲ, ಅದು ಪುಸ್ತಕದ ಬೆನ್ನ ಮೇಲೆ ಬರೆಯೋ ಹೆಸರು. ಮಾತಾಡಕ್ಕೆ ಸಿಗೋದು ಹೆಚ್ಚಿನ ಕಡೆ 20 ನಿಮಿಷ, ಮೇಲೆ ಪ್ರಶ್ನೆಗಳಿಗೆ 5-10 ನಿಮಿಷ. ಅಷ್ಟರಲ್ಲಿ ಒಂದು ಕಥೆ, ಒಂದು ಬ್ಯಾಚು, ಒಂದು ಪ್ರಶ್ನೆ ಹಿಡ್ಸಿದ್ರೆ ಸಾಕು.

ಉದಾಹರಣೆಗೆ 'ಮಾಂಜು ಕೊವಾಯ್' ತಗೊಳಿ, ರಾಕುಗೊದಲ್ಲಿ ಎಲ್ರಿಗೂ ಗೊತ್ತಿರೋ ಹಳೇ ಕಥೆ. ಗೆಳೆಯರು ಕೂತು ನಂಗೆ ಇದು ಕಂಡ್ರೆ ಭಯ ನಂಗೆ ಅದು ಕಂಡ್ರೆ ಭಯ ಅಂತ ಹೇಳ್ಕೊಳ್ತಿರ್ತಾರೆ, ಒಬ್ಬ ನಂಗೆ ಮಾಂಜು ಅಂದ್ರೆ ಭಯ ಅಂತಾನೆ, ಮಾಂಜು ಅಂದ್ರೆ ಒಳಗೆ ಸಿಹಿ ಹೂರಣ ಇರೋ ತಿಂಡಿ, ಇವನ್ನ ಹೆದರ್ಸೋಣ ಅಂತ ಉಳಿದೋರು ರಾಶಿ ಮಾಂಜು ತಂದು ಅವನ ರೂಮಿಗೆ ಹಾಕ್ತಾರೆ, ಅವ್ನು ಅಯ್ಯೋ ಭಯ ಅಯ್ಯೋ ಭಯ ಅಂತ ಕೂಗ್ತಾ ಎಲ್ಲಾ ತಿಂದು ಮುಗಿಸ್ತಾನೆ. ಮೋಸ ಹೋದೋರು ಸಿಟ್ಟಿಂದ "ನಿಂಗೆ ನಿಜವಾಗ್ಲೂ ಭಯ ಯಾವುದಯ್ಯಾ" ಅಂತ ಕೇಳಿದ್ರೆ "ಈಗ ಬಿಸಿ ಟೀ ಅಂದ್ರೆ ಭಯ" ಅಂತಾನೆ. ಭಾಷೆ ಸುಲಭ, ಕೊವಾಯ್ ಅನ್ನೋ ಪದ ಎನ್4 ಮಟ್ಟದಲ್ಲೇ ಗೊತ್ತಿರತ್ತೆ, ಹಳೇ ಎಡೊ ಕಾಲದ ವಿವರಣೆ ಏನೂ ಬೇಕಾಗಲ್ಲ. ಅದೇ 'ತೊಕಿಸೊಬಾ' ತಗೊಂಡ್ರೆ ಕಷ್ಟ, ಅಲ್ಲಿ ನೂಡಲ್ಸಿಗೆ 16 ಮೊನ್ (ಹಳೇ ಕಾಸು) ಎಣಿಸಿ ಕೊಡ್ತಾ ಮಧ್ಯದಲ್ಲಿ ಗಂಟೆ ಎಷ್ಟು ಅಂತ ಕೇಳಿ ಎಣಿಕೇಲಿ ಒಂದು ಹಾರಿಸೋದೇ ಮಜಾ, ಹಳೇ ಜಪಾನಿನ ಹೊತ್ತಿನ ಲೆಕ್ಕ ವಿವರಿಸೋ ಅಷ್ಟೊತ್ತಿಗೆ ನಗು ಬತ್ತಿ ಹೋಗಿರತ್ತೆ.

ಮಾಂಜು ಕಥೆ ಮೇಲೆ ಕೇಳ್ಬೋದಾದ ಸಣ್ಣ ಪ್ರಶ್ನೆಗಳು ಬೇಕಾದಷ್ಟಿವೆ. ಕಲಿಯೋರು ಕೊನೇ ಮಾತಿಗೆ ನಗ್ತಾರಾ ಅಥವಾ ಅವ್ನು ತಿನ್ನೋ ಅಭಿನಯಕ್ಕೇ ನಗ್ತಾರಾ? ಬರೀ ಓದಿದೋರಿಗೂ ಕಲಾವಿದರ ವಿಡಿಯೋ ನೋಡಿದೋರಿಗೂ ಏನು ವ್ಯತ್ಯಾಸ? ಅವ್ರೇ ಎದ್ದು ನಿಂತು ಹೇಳೋವಾಗ ಒಸಿ ನಿಲ್ಲಿಸ್ಬೇಕಾದ ಜಾಗದಲ್ಲಿ ನಿಲ್ಲಿಸ್ತಾರಾ?

ಕನ್ನಡದೋರಿಗೆ ಇಲ್ಲಿ ನಿಜವಾಗ್ಲೂ ಒಂದು ಅನುಕೂಲ ಇದೆ, ಇದನ್ನ ಯಾರೂ ಅಷ್ಟಾಗಿ ಬಳಸ್ತಿಲ್ಲ ಅನ್ನೋದು ನನ್ನ ಬೇಜಾರು. ಜಪಾನೀಲೂ ಕನ್ನಡದಲ್ಲೂ ಕ್ರಿಯಾಪದ ಕೊನೇಗೇ ಬರತ್ತೆ. ಆ ಕೊನೇ ಮಾತು ಜಪಾನೀಲಿ "ಓಚಾ ಗ ಕೊವಾಯ್", ಕನ್ನಡದಲ್ಲಿ "ಟೀ ಅಂದ್ರೆ ಭಯ", ಪದಗಳು ಅದೇ ಸಾಲಲ್ಲಿ ನಿಂತಿವೆ. ಇಂಗ್ಲಿಷಿಗೆ ಹಾಕಿದ್ರೆ ಭಯ ಮೊದ್ಲು ಬಂದು ಟೀ ಕೊನೇಗೆ ಹೋಗತ್ತೆ. ಇದ್ರಿಂದ ನಗು ಹೆಚ್ಚಾಗತ್ತಾ ಕಮ್ಮಿಯಾಗತ್ತಾ ಅನ್ನೋದನ್ನ ಒಂದೇ ಕ್ಲಾಸಲ್ಲಿ ಕನ್ನಡ ವಿವರಣೆ ಒಂದು ಗುಂಪಿಗೆ, ಇಂಗ್ಲಿಷ್ ವಿವರಣೆ ಇನ್ನೊಂದು ಗುಂಪಿಗೆ ಕೊಟ್ಟು ನೋಡ್ಬೋದು. ಜೆಎಲ್‌ಪಿಟಿ ಬೆಂಗಳೂರಲ್ಲೇ ನಡಿಯತ್ತೆ, ಬ್ಯಾಚುಗಳಿಗೆ ಬರಗಾಲ ಇಲ್ಲ, ಈ ತರ ಡೇಟಾ ಟೋಕಿಯೊದಲ್ಲಿ ಕೂತಿರೋರಿಗೆ ಎಲ್ಲಿಂದ ಸಿಗ್ಬೇಕು.

ಸ್ಟೆಪ್ 3: ಡೇಟಾ ತಗೊಳೋದು, ಮುಖ್ಯವಾಗಿ ನಗುವನ್ನ ನಂಬದೇ ಇರೋದು

ಕ್ಲಾಸಲ್ಲಿ ಎಲ್ರೂ ನಕ್ಕರು, ಆದ್ರಿಂದ ಅರ್ಥ ಆಯ್ತು. ಇದನ್ನ ಹೇಳಿದ್ರೆ ನಗೆ ಸಂಶೋಧಕರು ಅಲ್ಲೇ ಹಿಡ್ಕೊಳ್ತಾರೆ. ರಾಬರ್ಟ್ ಪ್ರೊವೈನ್ ಅನ್ನೋರು ನಗು ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿ ತೋರ್ಸಿದ್ದೇ ಅದು, ದಿನನಿತ್ಯದ ನಗೂಲಿ ಬಹಳಷ್ಟು ಜೋಕಿಗೆ ಬರೋದಲ್ಲ, ಒಬ್ಬರೇ ಇರೋವಾಗಿಗಿಂತ ಜನರ ಮಧ್ಯೆ ಇದ್ದಾಗ ಸುಮಾರು 30 ಪಟ್ಟು ಜಾಸ್ತಿ ನಗ್ತೀವಿ. ಪಕ್ಕದೋನು ನಕ್ಕ ಅಂತ ನಗ್ತಾರೆ, ಸೆನ್ಸೇಗೆ, ಅಂದ್ರೆ ಮೇಷ್ಟ್ರಿಗೆ, ಬೇಜಾರಾಗ್ಬಾರ್ದು ಅಂತಾನೂ ನಗ್ತಾರೆ. ಅದಕ್ಕೇ ಕಥೆ ಮುಗಿದ ಕೂಡ್ಲೇ ಒಂದು ಚೀಟಿ ಕೊಟ್ಟು "ಇದ್ರಲ್ಲಿ ನಗೋ ಜಾಗ ಯಾವ್ದು, ಯಾಕೆ" ಅಂತ ಎರಡು ಸಾಲು ಅವ್ರ ಭಾಷೇಲೇ ಬರೆಸ್ಕೊಳಿ, ಪಕ್ಕದೋರ ಜೊತೆ ಮಾತಾಡೋ ಮುಂಚೆ. ಈ ಚೀಟಿಗಳೇ ನಿಮ್ಮ ಪೇಪರ್.

ರೆಕಾರ್ಡಿಂಗಿಗೆ ಬರೆದ ಒಪ್ಪಿಗೆ ಬೇಕೇ ಬೇಕು, ಯಾವಾಗ ಬೇಕಾದ್ರೂ ವಾಪಸ್ ತಗೊಳ್ಬೋದು, ಮಾರ್ಕ್ಸಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಅದ್ರಲ್ಲಿ ಇರ್ಲಿ. ನಗು ವಿಷಯದಲ್ಲಿ ಇದು ಇನ್ನೂ ಮುಖ್ಯ, ಯಾಕಂದ್ರೆ ತಾವು ನಗೆಪಾಟಲು ಆಗ್ಬಿಡ್ತೀವೇನೋ ಅನ್ನೋ ಭಯ ಕೆಲವ್ರಿಗೆ ನಿಜವಾಗ್ಲೂ ಜಾಸ್ತಿ ಇರತ್ತೆ, ಅದಕ್ಕೆ ಜೆಲೊಟೊಫೋಬಿಯಾ ಅಂತ ಹೆಸರೇ ಇದೆ, ಅದನ್ನ ಅಳೆಯಕ್ಕೆ ವಿಲಿಬಾಲ್ಡ್ ರೂಖ್ ಮತ್ತು ಜೊತೆಯೋರು ಅಳತೆಗೋಲೂ ಮಾಡಿದಾರೆ. ತಪ್ಪು ಉಚ್ಚಾರಣೆಗೆ ಎಲ್ರೂ ನಕ್ಕ ತುಣುಕನ್ನ ಸ್ಕ್ರೀನಲ್ಲಿ ಹಾಕ್ಬೇಡಿ, ಒಪ್ಪಿಗೆ ಇದ್ರೂ ಹಾಕ್ಬೇಡಿ.

ಬರೆದಿಳಿಸೋವಾಗ "ಎಲ್ಲರೂ ನಕ್ಕರು" ಅಂತ ಬರೆದು ಮುಂದೆ ಹೋಗ್ಬಾರ್ದು. ಯಾರು ಮೊದ್ಲು ನಕ್ಕಿದ್ದು, ಮಾತಿನ ಮಧ್ಯೆನಾ ಮುಗಿದ ಮೇಲಾ, ಎಷ್ಟು ಸೆಕೆಂಡ್ ತಡವಾಗಿ. ಆ ತಡಾನೇ ಹೆಚ್ಚಿನ ಸಲ ಅಸಲಿ ವಿಷಯ.

ಕಲಿಯೋರ ಮಟ್ಟ ಹೇಳೋವಾಗ "ಮಧ್ಯಮ ಹಂತ" ಅನ್ನಬೇಡಿ, ಎನ್4 ಪಾಸಾದೋರು ಇಷ್ಟು ಜನ, ಎನ್3ಗೆ ಓದ್ತಿರೋರು ಇಷ್ಟು ಅಂತ ಬರೀರಿ. ಜೆಎಲ್‌ಪಿಟೀಲಿ ಮಾತಾಡೋ ಪರೀಕ್ಷೆನೇ ಇಲ್ಲ, ಹಾಗಾಗಿ ಅವ್ರೇ ಎದ್ದು ಕಥೆ ಹೇಳೋ ಚಟುವಟಿಕೆ ಇದ್ರೆ ಅವ್ರ ಮಾತಿನ ಮಟ್ಟಾನ ಬೇರೆಯಾಗಿ ಹೇಳ್ಬೇಕು.

ಸ್ಟೆಪ್ 4: ಥಿಯರಿ ಎಷ್ಟು ಬೇಕೋ ಅಷ್ಟೇ

ನಗೆ ಕಡೆಯೋರಿಗೆ ಹೋಗೋದಾದ್ರೆ ಇಷ್ಟು ಗೊತ್ತಿರ್ಲೇಬೇಕು. ವಿಕ್ಟರ್ ರಸ್ಕಿನ್ 1985ರಲ್ಲಿ ಹೇಳಿದ್ದು: ಜೋಕಿನ ಒಂದೇ ಪಠ್ಯಕ್ಕೆ ಎರಡು ಸ್ಕ್ರಿಪ್ಟ್, ಅಂದ್ರೆ ಅರ್ಥ ಮಾಡ್ಕೊಳೋ ಎರಡು ಚೌಕಟ್ಟು, ಹೊಂದತ್ತೆ, ಆ ಎರಡೂ ಒಂದಕ್ಕೊಂದು ವಿರುದ್ಧ. ಮಾಂಜು ಕಥೇಲಿ ಭಯ ಅನ್ನೋದು ಒಂದು, ಆಸೆ ಅನ್ನೋದು ಇನ್ನೊಂದು. 1991ರಲ್ಲಿ ಸಾಲ್ವತೋರೆ ಅತ್ತಾರ್ದೊ ಅವ್ರ ಜೊತೆ ಸೇರಿ ಇದನ್ನ ಆರು ಭಾಗಕ್ಕೆ ಬೆಳೆಸಿದ್ರು: ಸ್ಕ್ರಿಪ್ಟುಗಳ ವಿರೋಧ, ಅದನ್ನ ಜೋಡಿಸೋ ತರ್ಕ, ಸನ್ನಿವೇಶ, ಯಾರನ್ನ ಗುರಿ ಮಾಡಿದೆ ಅನ್ನೋದು, ಹೇಳೋ ರೀತಿ, ಭಾಷೆ. ಕ್ಲಾಸಿಗೆ ಇದು ತುಂಬಾ ಕೆಲಸಕ್ಕೆ ಬರತ್ತೆ, ಯಾಕಂದ್ರೆ ಕಲಿಯೋನು ಎಲ್ಲಿ ಎಡವಿದ ಅಂತ ತೋರ್ಸ್ಬೋದು, ಭಾಷೆ ಅರ್ಥ ಆಗ್ಲಿಲ್ವಾ, ಸನ್ನಿವೇಶ ಗೊತ್ತಿಲ್ವಾ, ಅಥವಾ ಎಲ್ಲಾ ಗೊತ್ತಾಗೀನೂ ವಿರೋಧ ಕಾಣ್ಲಿಲ್ವಾ. ಪ್ಲೇಟೊ ಅರಿಸ್ಟಾಟಲ್‌ನಿಂದ ಶುರು ಮಾಡ್ಬೇಡಿ, ಅಲ್ಲಿ ಕೂತಿರೋರೆಲ್ಲಾ ಅದನ್ನ ಓದಿದಾರೆ.

ಜಪಾನಿ ಶಿಕ್ಷಕರ ಕಡೆ ಥಿಯರಿಗಿಂತ ಸೆಂಕೊ ಕೆಂಕ್ಯೂ ಮುಖ್ಯ, ಅಂದ್ರೆ ಈ ಹಿಂದೆ ಯಾರು ಏನು ಮಾಡಿದಾರೆ ಅನ್ನೋದು. ಅಮೆರಿಕದ ವರ್ಮಾಂಟಲ್ಲಿರೋ ಮಿಡಲ್‌ಬರಿ ಕಾಲೇಜಿನ ಬೇಸಿಗೆ ಜಪಾನಿ ಶಾಲೆಗೆ ರಾಕುಗೊ ಕಲಾವಿದ ಯಾನಾಗಿಯಾ ಸಾಂಕ್ಯೊ ಬಂದು ಪಾಠದ ಜೊತೇಲೇ ರಾಕುಗೊ ಹೇಳಿಕೊಟ್ಟಿದಾರೆ, ವಿದ್ಯಾರ್ಥಿಗಳೇ ಕೊಬನಾಶಿ ಅನ್ನೋ ಚುಟುಕು ಕಥೆ ಹೇಳೋ ಪ್ರಯೋಗಗಳೂ ಆಗಿವೆ. ಇದನ್ನೆಲ್ಲಾ ನೋಡದೇ "ಇದೇ ಮೊದಲು" ಅಂತ ಬರೆದ್ರೆ ಅಲ್ಲೇ ಹೋಯ್ತು.

ಸ್ಟೆಪ್ 5: ಅಬ್‌ಸ್ಟ್ರಾಕ್ಟ್

ಅಬ್‌ಸ್ಟ್ರಾಕ್ಟ್ ಅಂದ್ರೆ ಮುಂಚೆ ಕಳಿಸೋ ಸಾರಾಂಶ, ಹೆಚ್ಚಿನ ಪೇಪರುಗಳು ಸಾಯೋದು ಇಲ್ಲೇ. ಜಪಾನಿ ಕಡೆ ಇದಕ್ಕೆ ಯೋಶಿ ಅಂತಾರೆ, ಜಪಾನೀಲೇ ಬರೀಬೇಕು, ಹಿನ್ನೆಲೆ, ಉದ್ದೇಶ, ವಿಧಾನ, ಫಲಿತಾಂಶ, ಚರ್ಚೆ ಅನ್ನೋ ಕ್ರಮ ತಪ್ಪಿಸಿದ್ರೆ ಅವ್ರಿಗೆ ಕಿರಿಕಿರಿ ಆಗತ್ತೆ. 2021ರ ಸರ್ವೆ ಪ್ರಕಾರ 141 ದೇಶ ಪ್ರದೇಶಗಳಲ್ಲಿ ಸುಮಾರು 38 ಲಕ್ಷ ಜನ ಜಪಾನಿ ಕಲೀತಿದಾರೆ ಅಂತ ಶುರು ಮಾಡೋರೇ ಎಲ್ರೂ, ಆ ಸಾಲು ನಿಮ್ಮ ವಿಮರ್ಶಕರು ಅವತ್ತೇ ಹತ್ತು ಸಲ ಓದಿರ್ತಾರೆ, ಆ ಜಾಗಾನ ನಿಮ್ಮ ಫಲಿತಾಂಶಕ್ಕೆ ಕೊಡಿ. "ಫಲಿತಾಂಶವನ್ನು ಸಭೆಯಲ್ಲಿ ಮಂಡಿಸಲಾಗುವುದು" ಅಂತ ಮಾತ್ರ ಬರೀಬೇಡಿ, ಏನು ಸಿಕ್ತು ಅಂತ ಈಗ್ಲೇ ಹೇಳಿ.

ನಗೆ ಸಮ್ಮೇಳನಕ್ಕೆ ಇಂಗ್ಲಿಷ್ ಅಬ್‌ಸ್ಟ್ರಾಕ್ಟ್, ಚಿಕ್ಕದು. ಅಲ್ಲಿ ಓದೋರಿಗೆ ಜಪಾನಿ ಗೊತ್ತಿರಲ್ಲ ಅಂದ್ಕೊಂಡೇ ಬರೀರಿ, ಜೋಕನ್ನ ಒಂದೇ ವಾಕ್ಯದಲ್ಲಿ ಹೇಳಿ. ಶೀರ್ಷಿಕೆಗೆ ಶ್ಲೇಷೆ ಹಾಕೋ ಆಸೆ ಎಲ್ರಿಗೂ ಬರತ್ತೆ, ಹಾಕಿ ಪರವಾಗಿಲ್ಲ, ಆದ್ರೆ ಅದಾದ್ಮೇಲೆ ಕೋಲನ್ ಹಾಕಿ ವಿಷಯ ಏನು ಅಂತ ನೆಟ್ಟಗೆ ಬರೀರಿ.

ವಿಮರ್ಶೆ ಸಾಮಾನ್ಯವಾಗಿ ಹೆಸರಿಲ್ಲದೇ ನಡಿಯತ್ತೆ, ಹಾಗಾಗಿ ನಿಮ್ಮ ಹೆಸರು, ಸಂಸ್ಥೆ, "ನನ್ನ ಹಿಂದಿನ ಲೇಖನದಲ್ಲಿ" ಅನ್ನೋದೆಲ್ಲಾ ತೆಗೀರಿ, ಫೈಲಿನ ಪ್ರಾಪರ್ಟೀಸಲ್ಲಿ ಇರೋ ಹೆಸರನ್ನೂ ಅಳಿಸಿ. ಒಂದೇ ವಿಷಯಾನ ಎರಡು ಕಡೆ ಕಳಿಸೋದು ಜಪಾನಿ ಸಂಘಗಳಿಗೆ ಆಗಲ್ಲ. ಅದೇ ಚೀಟಿಗಳಿಂದ ಒಂದು ಕಡೆಗೆ ಜೋಕಿನ ರಚನೆ, ಇನ್ನೊಂದು ಕಡೆಗೆ ಪಾಠದ ಕ್ರಮ ಅಂತ ಬೇರೆ ಬೇರೆ ಪ್ರಶ್ನೆ ತೆಗೆದ್ರೆ ತೊಂದ್ರೆ ಇಲ್ಲ, ಆದ್ರೂ ಒಂದ್ರಲ್ಲಿ ಇನ್ನೊಂದ್ರ ಬಗ್ಗೆ ತಿಳಿಸಿಬಿಡಿ.

ಸ್ಟೆಪ್ 6: ದುಡ್ಡು, ವೀಸಾ

ಇದು ಚಿಕ್ಕದಾಗೇ. ಒಪ್ಪಿಗೆ ಪತ್ರ ಬಂದ ದಿನವೇ ಆಯೋಜಕರಿಗೆ ಇನ್ವಿಟೇಶನ್ ಲೆಟರ್ ಕೇಳಿ, ವೀಸಾಗೆ ಬೇಕಾಗತ್ತೆ, ಬೇಸಿಗೇಲಿ ಷೆಂಗೆನ್ (ಯೂರೋಪಿನ ವೀಸಾ) ಅಪಾಯಿಂಟ್‌ಮೆಂಟು ಸುಲಭಕ್ಕೆ ಸಿಗಲ್ಲ. ಮುಂಚೆ ಕಟ್ಟಿದ್ರೆ ಫೀಸು ಕಮ್ಮಿ, ವಿದ್ಯಾರ್ಥಿಗಳಿಗೆ ಇನ್ನೂ ಕಮ್ಮಿ, ಪ್ರಯಾಣಕ್ಕೆ ಸಹಾಯಧನ ಇದ್ಯಾ ಅಂತ ಬಾಯ್ಬಿಟ್ಟು ಕೇಳಿ. ಸದಸ್ಯತ್ವ ಇದ್ರೇನೇ ಮಂಡಿಸಕ್ಕೆ ಬಿಡೋ ಕಡೆ ಅದನ್ನೂ ಲೆಕ್ಕಕ್ಕೆ ಹಿಡೀರಿ. ಆನ್‌ಲೈನ್ ಅವಕಾಶ ಇದ್ರೆ ಮೊದಲ ವರ್ಷ ಹಾಗೇ ಮಾಡಿ, ನಾಚಿಕೆ ಏನಿಲ್ಲ.

ಸ್ಟೆಪ್ 7: ಸ್ಲೈಡು, ಅಂದ್ರೆ ಜೋಕನ್ನ ಸಾಯಿಸದೇ ಬಿಡಿಸೋದು

ಜಪಾನಿ ಗೊತ್ತಿಲ್ಲದೋರ ಮುಂದೆ ಜಪಾನಿ ಜೋಕು ವಿವರಿಸೋದಕ್ಕೆ ಒಂದು ಪದ್ಧತಿ ಇದೆ. ಮೊದಲ ಸಾಲಲ್ಲಿ ಮೂಲ, ಅದ್ರ ಕೆಳಗೆ ರೋಮಾಜಿ (ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ), ಅದ್ರ ಕೆಳಗೆ ಪದಕ್ಕೆ ಪದ, ಕೊನೇಗೆ ಸಹಜವಾದ ಅನುವಾದ. ಎಲ್ರಿಗೂ ಗೊತ್ತಿರೋ ಈ ಕೊಬನಾಶಿ ತಗೊಳಿ, "ತೊನಾರಿ ನೊ ಅಕಿಚಿ ನಿ ಕಾಕೊಯ್ ಗ ದೆಕಿತಾತ್ತೆ ನೆ", ಪಕ್ಕದ ಖಾಲಿ ಸೈಟಿಗೆ ಬೇಲಿ ಆಯ್ತಂತೆ ಅಂತ ಒಬ್ಬ, ಅದಕ್ಕೆ ಇನ್ನೊಬ್ಬ "ಹೇ" ಅಂತಾನೆ. ಹೇ ಅಂದ್ರೆ ಹೌದಾ ಅನ್ನೋ ಉದ್ಗಾರ, ಅದೇ ಸದ್ದಿಗೆ ಕಾಂಪೌಂಡ್ ಗೋಡೆ ಅಂತಾನೂ ಅರ್ಥ. ಅಷ್ಟೇ ಜೋಕು. (ಆ 'ತ್ತೆ' ಇದ್ಯಲ್ಲ, ನಮ್ಮ 'ಅಂತೆ' ಮಾಡೋ ಕೆಲಸಾನೇ ಮಾಡತ್ತೆ.)

ಈಗ ಸ್ಲೈಡಲ್ಲಿ ನಾಲ್ಕೂ ಸಾಲನ್ನ ಒಂದೇ ಸಲ ತೋರ್ಸ್ಬೇಡಿ. ಸಭೆಯೋರು ಕೆಳಗಿನ ಸಾಲನ್ನ ಓದಿ ಮುಗಿಸಿರ್ತಾರೆ, ನೀವು ಇನ್ನೂ ಮೇಲಿನದ್ದನ್ನ ಹೇಳ್ತಿರ್ತೀರ. ಒಂದೊಂದೇ ಬರೋ ಹಾಗೆ ಮಾಡಿ, ಎರಡನೇ ಅರ್ಥ ಕೊನೇಗೆ. ಶಿಕ್ಷಕರ ಸಭೇಲಿ ಇದ್ಯಾವ್ದೂ ಬೇಡ, ಅಲ್ಲಿ ಜೋಕು ಒಂದೇ ಸಾಲು, ಆದ್ರೆ ಪಾಠದ ಯೋಜನೆ ಪೂರ್ತಿ ಬೇಕು: ಎಷ್ಟು ನಿಮಿಷ, ಯಾವ ಪದ ಮುಂಚೆ ಹೇಳಿಕೊಟ್ರಿ, ಯಾವ್ದನ್ನ ಬೇಕಂತಲೇ ಹೇಳ್ಲಿಲ್ಲ. ಎಲ್ಲಾ ಪದಾನೂ ಮುಂಚೇನೇ ಹೇಳ್ಕೊಟ್ರೆ ಜೋಕು ಹೊರಟು ಹೋಗತ್ತೆ, ಏನೂ ಹೇಳ್ಕೊಡದಿದ್ರೆ ಅರ್ಥಾನೇ ಆಗಲ್ಲ. ಇದನ್ನ ನೀವು ಹೇಗೆ ನಿಭಾಯಿಸಿದ್ರಿ ಅಂತ ಕೇಳಕ್ಕೇ ಅವ್ರು ಬಂದಿರೋದು. ಒಂದು ರೆಜುಮೆ ಪ್ರಿಂಟ್ ಮಾಡ್ಕೊಂಡು ಹೋಗಿ, ಅಲ್ಲಿ ರೆಜುಮೆ ಅಂದ್ರೆ ಬಯೋಡೇಟಾ ಅಲ್ಲ, ಹಂಚೋ ಕಾಗದ. ಫಾಂಟ್ ಕೈ ಕೊಡತ್ತೆ, ಪಿಡಿಎಫ್ ಒಂದು ಇಟ್ಕೊಳಿ.

ಸ್ಟೆಪ್ 8: ಮಾತಾಡೋ ದಿನ

ಜಪಾನಿ ಸಭೆಗಳಲ್ಲಿ ಗಂಟೆ ಬಾರಿಸೋ ಪದ್ಧತಿ ಇದೆ. ಮೊದಲ್ನೇ ಗಂಟೆ ಅಂದ್ರೆ ಇನ್ನು ಸ್ವಲ್ಪ ಹೊತ್ತು ಉಳಿದಿದೆ ಅಂತ, ಎರಡನೇದು ಮುಗೀತು ಅಂತ. ಒಂದೇ ನಿಮಿಷ ಅಂತ ಎಳೆಯೋದೆಲ್ಲಾ ಅಲ್ಲಿ ನಡಿಯಲ್ಲ. ಕೊನೇ ಸ್ಲೈಡನ್ನ ಎರಡು ನಿಮಿಷ ಮುಂಚೆನೇ ಮುಟ್ಟೋ ಹಾಗೆ ಅಭ್ಯಾಸ ಮಾಡಿ, ಜಪಾನೀಲಿ ಮಾತಾಡೋದಾದ್ರೆ ಬರೆದು ಗಟ್ಟಿಯಾಗಿ ಓದಿ, ಮನಸಲ್ಲಿ ಓದಿದ್ರೆ ಟೈಮ್ ಗೊತ್ತಾಗಲ್ಲ. ನಗೆ ಸಮ್ಮೇಳನದಲ್ಲೂ ನೀವು ನಗಿಸ್ಬೇಕು ಅನ್ನೋ ಒತ್ತಾಯ ಏನಿಲ್ಲ, ಅಲ್ಲಿ ಅರ್ಧಕ್ಕರ್ಧ ಭಾಷಣಗಳು ಟೇಬಲ್ಲು ಗ್ರಾಫುಗಳೇ. ನಗು ಬರತ್ತೆ ಅಂತ ನಿಂತು ಕಾಯ್ಬೇಡಿ, ಬಂದ್ರೆ ನಿಲ್ಲಿಸಿ.

ಪ್ರಶ್ನೆ ಹೊತ್ತು. ಜಪಾನೀಲಿ ಮೊದ್ಲು ಅಮೂಲ್ಯವಾದ ಮಂಡನೆಗೆ ಧನ್ಯವಾದ ಅಂತ ಹೇಳಿ ಆಮೇಲೆ ಕೇಳ್ತಾರೆ, ಆ ಮೆತ್ತನೆ ಮಾತು ಕೇಳಿ ಪ್ರಶ್ನೇನೂ ಮೆತ್ತಗಿದೆ ಅಂದ್ಕೋಬೇಡಿ. "ಇದು ಮೇಷ್ಟ್ರಿಗೆ ಹೇಳೋ ಕಲೆ ಇದ್ದಿದ್ದಕ್ಕೆ ಆಗಿದ್ದಾ, ಬೇರೆಯೋರು ಮಾಡಿದ್ರೂ ಆಗತ್ತಾ" ಅನ್ನೋದು ಖಂಡಿತ ಬರತ್ತೆ, ಉತ್ತರ ತಯಾರಿರ್ಲಿ. ನಗೆ ಕಡೆಯೋರು "ಇದು ಜಪಾನಿ ಹಾಸ್ಯಕ್ಕೇ ವಿಶೇಷನಾ, ಎಲ್ಲಾ ಭಾಷೇಲೂ ಹೀಗೇನಾ" ಅಂತ ಕೇಳ್ತಾರೆ, ಅಲ್ಲಿ ನಿಮ್ಮ ಕನ್ನಡ ಗುಂಪಿನ ಚೀಟಿಗಳನ್ನ ತೆಗೀರಿ. ಜಪಾನಿಯೋರಿಗೆ ಹಾಸ್ಯಪ್ರಜ್ಞೆ ಇಲ್ಲ ಅಂತ ಯಾರಾದ್ರೂ ಅಂದ್ರೆ ವಾದಕ್ಕೆ ಇಳೀಬೇಡಿ, ಮುಂದಿನ ಪ್ರಶ್ನೆ ಅನ್ನಿ.

ಸ್ಟೆಪ್ 9: ಸಂಜೆ

ಕೊನ್‌ಶಿನ್‌ಕಾಯ್ ಅಂತ ಸಂಜೆ ಕೂಟ ಇರತ್ತೆ, ಬೇರೆ ದುಡ್ಡು ಕಟ್ಬೇಕು, ಕಟ್ಟಿ ಹೋಗಿ. ಮುಂದಿನ ಕೆಲಸ ಕುದುರೋದು ಅಲ್ಲೇ. ವಿಸಿಟಿಂಗ್ ಕಾರ್ಡ್ ಸಾಕಷ್ಟು ಇಟ್ಕೊಳಿ, ಒಂದು ಕಡೆ ಜಪಾನಿ, ಹೆಸರು ಕತಾಕನದಲ್ಲಿ, ಅಂದ್ರೆ ವಿದೇಶಿ ಹೆಸರುಗಳಿಗೆ ಬಳಸೋ ಜಪಾನಿ ಲಿಪೀಲಿ. ಎರಡೂ ಕೈಯಲ್ಲಿ ಕೊಡಿ, ಎರಡೂ ಕೈಯಲ್ಲಿ ತಗೊಳಿ, ತಗೊಂಡಿದ್ದನ್ನ ಓದದೇ ಜೇಬಿಗೆ ತುರುಕ್ಬೇಡಿ. ಮಾಂಸ ಮೀನು ತಿನ್ನದೋರು ಫಾರ್ಮಲ್ಲೇ ಬರೆದಿರಿ, ಆದ್ರೂ ಹೆಚ್ಚಿನದ್ರಲ್ಲೂ ಮೀನಿನ ದಾಶಿ, ಅಂದ್ರೆ ಬೇಯಿಸಿ ಬಸಿದ ಸಾರು, ಇರತ್ತೆ, ಮುಂಚೆ ಏನಾದ್ರೂ ತಿಂದ್ಕೊಂಡೇ ಹೋಗಿ.

ಸ್ಟೆಪ್ 10: ವಾಪಸ್ ಬಂದ್ಮೇಲೆ

ಕಾರ್ಡ್ ಕೊಟ್ಟೋರಿಗೆ ಒಂದು ವಾರದೊಳಗೆ ನಾಲ್ಕು ಸಾಲಿನ ಮೇಲ್ ಹಾಕಿ, ಅವ್ರು ಕೇಳಿದ್ದ ಪ್ರಶ್ನೆಯನ್ನ ಅದ್ರಲ್ಲೇ ನೆನಪಿಸಿ. ಪ್ರಶ್ನೋತ್ತರದಲ್ಲಿ ಬಂದಿದ್ದೆಲ್ಲಾ ಅವತ್ತೇ ರಾತ್ರಿ ಬರೆದಿಟ್ಕೊಂಡಿದ್ರೆ ಪೇಪರನ್ನ ತಿದ್ದೋದು ಸಲೀಸು. ಜಪಾನಿ ಸಭೆಗಳ ಯೋಕೊಶೂ, ಅಂದ್ರೆ ಮುಂಚೆನೇ ಅಚ್ಚಾಗೋ ಸಂಗ್ರಹ, ಅದ್ರಲ್ಲಿ ಬಂದಿದ್ದು ಜರ್ನಲ್ ಲೇಖನಕ್ಕೆ ಸಮ ಅಲ್ಲ, ಅದನ್ನ ಬೆಳೆಸಿ ಕಳಿಸ್ಬೇಕು. 'ಹ್ಯೂಮರ್' ಜರ್ನಲ್‌ಗೆ ಕಳಿಸೋದಾದ್ರೆ ಜೋಕಿನ ವಿಶ್ಲೇಷಣೆ ಮುಂದೆ, ಪಾಠ ಹಿಂದೆ. 'ನಿಹೊಂಗೊ ಕ್ಯೋಯ್ಕು' ಜರ್ನಲ್‌ಗಾದ್ರೆ ಪಾಠ ಮುಂದೆ. ಚೀಟಿ ಬರೆದುಕೊಟ್ಟ ಬ್ಯಾಚಿಗೆ ಏನು ಸಿಕ್ತು ಅಂತ ಒಂದು ಪುಟ ಮಾಡಿ ಕೊಟ್ಟುಬಿಡಿ, ಅದ್ರಲ್ಲಿ ಕೆಲವ್ರು ಅಷ್ಟೊತ್ತಿಗೆ ಎನ್3 ಮುಗಿಸಿರ್ತಾರೆ, ಅದೇ ಕಥೇನ ಅವ್ರಿಗೇ ಇನ್ನೊಂದ್ಸಲ ಹೇಳಿ ಹೊಸ ಚೀಟಿ ತಗೊಂಡ್ರೆ ಮುಂದಿನ ಪೇಪರಿಗೆ ಡೇಟಾ ಆಯ್ತು.